ಹೆಸರು ಅಳಿಸಿದರೆ ಸಾಕೇ?

2020ರ ಮಾರ್ಚ್ ತಿಂಗಳಿಂದ ಕರ್ನಾಟಕದ ಆರೋಗ್ಯ ಇಲಾಖೆ ದಿನವೂ ಕೋವಿಡ್ ಬುಲೆಟಿನ್ ಹೊರಡಿಸುತ್ತಿತ್ತು. ಅದರಲ್ಲಿ ಸೋಂಕಿತರ ಹೆಸರು ಇರುತ್ತಿರಲಿಲ್ಲ. ‘ಪಿ’ ಅಕ್ಷರದ ಜೊತೆಗೊಂದು ಸಂಖ್ಯೆ, ವಯಸ್ಸು, ಗಂಡೋ ಹೆಣ್ಣೋ, ಊರು ಅಥವಾ ಜಿಲ್ಲೆ, ಸೋಂಕು ತಗುಲಿದ ಬಗೆ, ಇಷ್ಟೂ ಒಂದೇ ಸಾಲಿನಲ್ಲಿ. ಎಷ್ಟೋ ಸಾಲುಗಳ ಕೊನೆಗೆ ‘ಇಂಥ ಸಂಖ್ಯೆಯವರ ಸಂಪರ್ಕ’ ಎಂದಿರುತ್ತಿತ್ತು. ಹೆಸರೇ ಇಲ್ಲದ ಮೇಲೆ ಯಾರ ಗುಟ್ಟೂ ರಟ್ಟಾಗದು ಎಂಬುದು ಈ ಏರ್ಪಾಟಿನ ಹಿಂದಿದ್ದ ನಂಬಿಕೆ. ಬೆಂಗಳೂರಿನಂಥ ನಗರದಲ್ಲಿ ಮೂವತ್ತು ದಾಟಿದ ಗಂಡಸು ಎಂದರೆ ಲಕ್ಷಾಂತರ ಜನರಲ್ಲಿ ಯಾರಾದರೂ ಆಗಬಹುದು, ನಿಜ. ಆದರೆ ಸಣ್ಣದೊಂದು ತಾಲ್ಲೂಕು ಕೇಂದ್ರದಲ್ಲಿ ಎಪ್ಪತ್ತು ದಾಟಿದ, ಮೊನ್ನೆಮೊನ್ನೆ ವಿದೇಶದಿಂದ ಮರಳಿದ ವ್ಯಕ್ತಿ ಎಂದರೆ ಊರಿಗೆ ಊರೇ ಒಂದೇ ಮನೆಯತ್ತ ನೋಡುತ್ತದೆ. ಅದೇ ತಿಂಗಳು ಮನೆಯಲ್ಲಿ ಕ್ವಾರಂಟೈನ್ ಆಗಿದ್ದವರ ವಿಳಾಸಗಳ ಪಟ್ಟಿಯನ್ನೂ ಸರ್ಕಾರ ಬಹಿರಂಗಪಡಿಸಿತು. ಅಲ್ಲಿಯೂ ಹೆಸರು ಕೈಬಿಟ್ಟಿದ್ದರು, ವಿಳಾಸ ಮಾತ್ರ ಉಳಿದಿತ್ತು. ಬೀದಿಯವರಿಗೆ ಇನ್ನೇನು ಬೇಕು? ನಂಜನಗೂಡಿನ ಕಾರ್ಖಾನೆಯೊಂದರ ನೌಕರರಲ್ಲಿ ಸೋಂಕು ಹರಡಿದಾಗ ಅವರಲ್ಲಿ ಒಬ್ಬರಿಗೆ ಸಿಕ್ಕಿದ್ದ ರೋಗಿ ಸಂಖ್ಯೆ ಟಿವಿ ಚಾನೆಲ್ಲುಗಳಲ್ಲಿ ಹೆಸರಿನ ಹಾಗೆಯೇ ಓಡಾಡಿತು. ಆ ಸಂಖ್ಯೆಯನ್ನು ಇಲ್ಲಿ ಮತ್ತೆ ಅಚ್ಚು ಹಾಕುವ ಅಗತ್ಯವಿಲ್ಲ.

ರೋಗಿಯ ದಾಖಲೆಯಲ್ಲಿ ಖಾಸಗಿ ಆರೋಗ್ಯ ಮಾಹಿತಿ ಯಾವುದು ಎಂದು ಕೇಳಿದರೆ ಹೆಚ್ಚಿನವರ ಉತ್ತರ, ರೋಗದ ಹೆಸರು. ಸ್ವಲ್ಪ ಯೋಚಿಸಿ ಹೇಳುವವರು, ರೋಗದ ಹೆಸರೂ ರೋಗಿಯ ಹೆಸರೂ ಒಟ್ಟಿಗಿದ್ದರೆ ಮಾತ್ರ ಎನ್ನುತ್ತಾರೆ. ಎರಡರಲ್ಲಿ ಒಂದನ್ನು ಅಳಿಸಿಬಿಟ್ಟರೆ ಉಳಿಯುವುದು ಬರೀ ಅಂಕಿಅಂಶ ಎಂಬ ತಿಳಿವಳಿಕೆ ಆಸ್ಪತ್ರೆಯ ಕೌಂಟರಿನಿಂದ ಸಚಿವಾಲಯದವರೆಗೂ ಇದೆ. ಈ ತಿಳಿವಳಿಕೆ ಎರಡು ಕಡೆಯಿಂದಲೂ ತಪ್ಪು ಎಂಬುದು ನನ್ನ ವಾದ. ಹೆಸರಿನ ಕಾಲಂ ಖಾಲಿ ಬಿಟ್ಟರೂ ವ್ಯಕ್ತಿ ಪತ್ತೆಯಾಗುತ್ತಾನೆ, ರೋಗದ ಕಾಲಂ ಖಾಲಿ ಬಿಟ್ಟರೂ ರೋಗ ಬಯಲಾಗುತ್ತದೆ. ಒಂದು ವಿವರ ಖಾಸಗಿಯೋ ಅಲ್ಲವೋ ಎಂದು ತೀರ್ಮಾನಿಸಬೇಕಾದರೆ ಅದರ ಪಕ್ಕದಲ್ಲಿ ಬೇರೆ ಯಾವ ವಿವರವನ್ನು ಇಟ್ಟು ಓದಬಹುದು ಎಂದು ನೋಡಬೇಕು. ಹೀಗೆ ಯೋಚಿಸಿ ಬರೆದ ವ್ಯಾಖ್ಯೆಯೊಂದು ನಮ್ಮ ದೇಶದ ಕಾನೂನಿನಲ್ಲೇ ಇದೆ. ಅದು ಒಂದೇ ಒಂದು ಕಾಯಿಲೆಗೆ ಸೀಮಿತವಾಗಿರುವುದೇ ತೊಂದರೆ.

ಮೊದಲು ಹೆಸರಿನ ವಿಚಾರ. ಇದರ ಬಗ್ಗೆ ಅಮೆರಿಕದಲ್ಲಿ ನಡೆದ ಪ್ರಸಂಗವೊಂದು ತುಂಬ ಪ್ರಸಿದ್ಧ. 1990ರ ದಶಕದ ನಡುವಿನಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಸರ್ಕಾರಿ ನೌಕರರ ಆರೋಗ್ಯ ವಿಮೆಯನ್ನು ನೋಡಿಕೊಳ್ಳುವ ಸಂಸ್ಥೆ, ನೌಕರರು ಆಸ್ಪತ್ರೆಗೆ ಹೋಗಿಬಂದ ದಾಖಲೆಗಳನ್ನು ಸಂಶೋಧಕರಿಗೆ ಒದಗಿಸಿತು. ಹೆಸರು, ವಿಳಾಸ ಎಲ್ಲವನ್ನೂ ತೆಗೆದಿದ್ದೇವೆ, ಭಯ ಬೇಡ ಎಂಬ ಭರವಸೆ ಸರ್ಕಾರದ್ದು. ಆಗ ಎಂಐಟಿಯಲ್ಲಿ ವಿದ್ಯಾರ್ಥಿನಿಯಾಗಿದ್ದ ಲಟಾನ್ಯ ಸ್ವೀನಿ ಆ ದಾಖಲೆಗಳ ಜೊತೆಗೆ ಕೇಂಬ್ರಿಜ್ ನಗರದ ಮತದಾರರ ಪಟ್ಟಿಯನ್ನು 20 ಡಾಲರ್ ಕೊಟ್ಟು ತಂದುಕೊಂಡರು. ಪಟ್ಟಿಯಲ್ಲಿ ಸುಮಾರು 54 ಸಾವಿರ ಜನ. ರಾಜ್ಯದ ಗವರ್ನರ್ ವಿಲಿಯಂ ವೆಲ್ಡ್ ಆ ನಗರದವರು ಎಂಬುದು ಎಲ್ಲರಿಗೂ ಗೊತ್ತಿತ್ತು. 1996ರ ಮೇ ತಿಂಗಳಲ್ಲಿ ಅವರು ಸಮಾರಂಭವೊಂದರಲ್ಲಿ ಕುಸಿದುಬಿದ್ದು ಆಸ್ಪತ್ರೆ ಸೇರಿದ್ದೂ ಸುದ್ದಿಯಾಗಿತ್ತು. ವೆಲ್ಡ್ ಹುಟ್ಟಿದ ದಿನಾಂಕದಲ್ಲೇ ಹುಟ್ಟಿದ ಮತದಾರರು ಆರು ಜನ. ಅವರಲ್ಲಿ ಗಂಡಸರು ಮೂವರು. ಗವರ್ನರರ ಪಿನ್‌ಕೋಡಿನಲ್ಲಿ ವಾಸವಿದ್ದವರು ಒಬ್ಬರೇ. ವಿಮಾ ದಾಖಲೆಯ ಹೆಸರಿಲ್ಲದ ಸಾಲು ಯಾರದೆಂದು ತಿಳಿಯಲು ಹುಟ್ಟಿದ ದಿನಾಂಕ, ಲಿಂಗ, ಪಿನ್‌ಕೋಡ್ ಈ ಮೂರೇ ಸಾಕಾದವು. 1990ರ ಜನಗಣತಿಯನ್ನು ಆಧರಿಸಿ ಸ್ವೀನಿ ಮುಂದೆ ಹಾಕಿದ ಲೆಕ್ಕದಂತೆ, ಅಮೆರಿಕದ ಶೇ 87ರಷ್ಟು ಜನರನ್ನು ಈ ಮೂರೇ ವಿವರಗಳಿಂದ ಬೇರ್ಪಡಿಸಿ ಗುರುತಿಸಬಹುದು. 2000ನೇ ಇಸವಿಯ ಜನಗಣತಿ ಹಿಡಿದು ಬೇರೊಬ್ಬ ಸಂಶೋಧಕರು ಮತ್ತೆ ಲೆಕ್ಕ ಹಾಕಿದಾಗ ಅದು ಶೇ 63ಕ್ಕೆ ಇಳಿಯಿತು. ಗವರ್ನರರಷ್ಟು ಸುದ್ದಿಯಲ್ಲಿಲ್ಲದ ಸಾಮಾನ್ಯರನ್ನು ಹೀಗೆ ಹಿಡಿಯುವುದು ಅಷ್ಟು ಸುಲಭವಲ್ಲ ಎಂದು ಆಕ್ಷೇಪಿಸಿದವರೂ ಇದ್ದಾರೆ. ಆಕ್ಷೇಪದಲ್ಲಿ ಹುರುಳಿದೆ. ಆದರೂ ನೂರಕ್ಕೆ ಅರವತ್ತಮೂರು ಎಂದರೆ ಅರ್ಧಕ್ಕಿಂತ ಹೆಚ್ಚು.

ನಮ್ಮಲ್ಲಿ ಇಂಥ ಜೋಡಣೆಗೆ 20 ಡಾಲರೂ ಬೇಡ. ಮತದಾರರ ಪಟ್ಟಿ ಚುನಾವಣಾ ಆಯೋಗದ ಜಾಲತಾಣದಲ್ಲೇ ಸಿಗುತ್ತದೆ. ಹೆಸರು, ತಂದೆಯ ಅಥವಾ ಗಂಡನ ಹೆಸರು, ಮನೆ ಸಂಖ್ಯೆ, ವಯಸ್ಸು, ಲಿಂಗ ಎಲ್ಲವೂ ಮತಗಟ್ಟೆವಾರು ಅಚ್ಚಾಗಿರುತ್ತವೆ. ಒಂದು ಮತಗಟ್ಟೆಯ ವ್ಯಾಪ್ತಿಯಲ್ಲಿ ಇರುವವರು ಸಾವಿರ ಚಿಲ್ಲರೆ ಮತದಾರರು. ಅಷ್ಟು ಜನರಲ್ಲಿ 83 ವರ್ಷದ ಹೆಂಗಸರು ಎಷ್ಟಿದ್ದಾರು? ಅಮೆರಿಕದ ಆರೋಗ್ಯ ಗೋಪ್ಯತಾ ನಿಯಮ ಈ ಅಪಾಯವನ್ನು ಲೆಕ್ಕಕ್ಕೆ ತೆಗೆದುಕೊಂಡಿದೆ. ದಾಖಲೆಯಿಂದ ತೆಗೆದುಹಾಕಬೇಕಾದ 18 ಬಗೆಯ ವಿವರಗಳನ್ನು ಅದು ಪಟ್ಟಿ ಮಾಡುತ್ತದೆ. ಹೆಸರು, ಫೋನ್ ನಂಬರು, ಮುಖದ ಫೋಟೊ, ವಾಹನದ ನಂಬರು ಇದ್ದೇ ಇವೆ. ಜೊತೆಗೆ, ಆಸ್ಪತ್ರೆಗೆ ಸೇರಿದ ಮತ್ತು ಬಿಡುಗಡೆಯಾದ ದಿನಾಂಕದಲ್ಲಿ ಇಸವಿಯನ್ನು ಮಾತ್ರ ಉಳಿಸಬಹುದು. 89 ದಾಟಿದವರನ್ನೆಲ್ಲ ‘90 ಮತ್ತು ಮೇಲ್ಪಟ್ಟು’ ಎಂದು ಒಂದೇ ಗುಂಪಿಗೆ ಹಾಕಬೇಕು. ಪಿನ್‌ಕೋಡಿನ ಮೊದಲ ಮೂರು ಅಂಕಿಗಳನ್ನು ಇಟ್ಟುಕೊಳ್ಳುವುದಕ್ಕೂ ಆ ಪ್ರದೇಶದ ಜನಸಂಖ್ಯೆ 20 ಸಾವಿರ ಮೀರಿರಬೇಕು. ಗುಮಾಸ್ತರ ಕೈಗೆ ಕೊಡಲು ಇಂಥ ಪಟ್ಟಿ ಅನುಕೂಲ. ಆದರೆ ಪಟ್ಟಿಯೇ ಎಲ್ಲವೂ ಅಲ್ಲವೆಂದು ಆ ನಿಯಮವೂ ಒಪ್ಪುತ್ತದೆ. ಹದಿನೆಂಟನ್ನೂ ಅಳಿಸಿದ ಮೇಲೆ ಉಳಿದ ವಿವರದಿಂದ ವ್ಯಕ್ತಿ ಪತ್ತೆಯಾಗುತ್ತಾನೆಂದು ಆಸ್ಪತ್ರೆಗೆ ಗೊತ್ತಿದ್ದರೆ, ಆ ದಾಖಲೆ ಆಗಲೂ ಖಾಸಗಿಯೇ.

ಇನ್ನು ರೋಗದ ಕಾಲಂ. ರಜೆ ಅರ್ಜಿಗೆ ಲಗತ್ತಿಸಿದ ಚೀಟಿಯ ತಲೆಬರಹದಲ್ಲಿ ನಿಮ್ಹಾನ್ಸ್ ಎಂದಿದ್ದರೆ ಕಚೇರಿಯವರು ಒಳಗಿನದನ್ನು ಓದುವ ಶ್ರಮವನ್ನೇ ತೆಗೆದುಕೊಳ್ಳದೆ ಮಾನಸಿಕ ಕಾಯಿಲೆ ಎಂದುಬಿಡುತ್ತಾರೆ. ಅಲ್ಲಿಗೆ ಪಾರ್ಶ್ವವಾಯುವಿಗೂ ಅಪಘಾತದ ತಲೆಪೆಟ್ಟಿಗೂ ಜನ ಹೋಗುತ್ತಾರೆ ಎಂಬುದು ಗುಸುಗುಸು ಮಾತಿಗೆ ಬೇಕಾಗಿಲ್ಲ. ಕಿದ್ವಾಯಿ ಎಂದಿದ್ದರೆ ಕ್ಯಾನ್ಸರ್ ಎಂದೇ ಲೆಕ್ಕ. ಮೆಡಿಕಲ್ ಶಾಪಿನ ಬಿಲ್ಲಿನಲ್ಲಿ ರೋಗದ ಹೆಸರು ಬರೆಯುವುದಿಲ್ಲ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಹೆಸರು ಒಂದೇ ಮಾತ್ರೆಯ ಮೇಲೆ ಕಂಡರೆ ಅದು ಎಚ್‌ಐವಿ ಚಿಕಿತ್ಸೆಯದು ಎಂದು ಮೊಬೈಲಿನಲ್ಲಿ ಹುಡುಕಿದವರಿಗೆಲ್ಲ ಗೊತ್ತಾಗುತ್ತದೆ. ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆಯ ಕಥೆಯೂ ಅಷ್ಟೇ. ಕ್ಷಯ ರೋಗಿಗಳ ಪೌಷ್ಟಿಕ ಆಹಾರಕ್ಕೆಂದು ಕೇಂದ್ರ ಸರ್ಕಾರ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರ್‌ನಿಂದ ಅದನ್ನು 1,000ಕ್ಕೆ ಏರಿಸಿತು. ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬೀಳುತ್ತದೆ. ಒಳ್ಳೆಯದೇ. ಆದರೆ ಬ್ಯಾಂಕಿನ ಮೆಸೇಜಿನಲ್ಲೋ ಪಾಸ್‌ಬುಕ್ಕಿನಲ್ಲೋ ಯೋಜನೆಯ ಹೆಸರು ಕಾಣಿಸಿಕೊಂಡರೆ, ಆಸ್ಪತ್ರೆಯ ಗೋಡೆಯೊಳಗೆ ಜೋಪಾನವಾಗಿದ್ದ ಸಂಗತಿ ಬ್ಯಾಂಕಿನ ಕ್ಯೂನಲ್ಲಿ ನಿಂತವರ ಕಣ್ಣಿಗೂ ಬಿತ್ತು ಎಂದೇ ಅರ್ಥ.

ಹೆರಿಗೆ ವಾರ್ಡಿನ ಕೇಸ್ ಶೀಟಿನಲ್ಲಿ ಸಾಮಾನ್ಯವಾಗಿ ಮೊದಲ ಸಾಲಿನಲ್ಲೇ ಕಾಣುವ ಒಂದು ಸೂತ್ರವನ್ನು ನೋಡಿ: ‘ಜಿ3 ಪಿ1 ಎಲ್1 ಎ1’. ಇದು ಮೂರನೆಯ ಬಸಿರು, ಹಿಂದೆ ಒಂದು ಹೆರಿಗೆಯಾಗಿದೆ, ಒಂದು ಮಗು ಬದುಕಿದೆ, ಒಂದು ಗರ್ಭಪಾತವಾಗಿದೆ ಎಂದು ವೈದ್ಯರು ಒಂದೇ ನೋಟಕ್ಕೆ ಓದಿಕೊಳ್ಳುತ್ತಾರೆ. ಚಿಕಿತ್ಸೆಗೆ ಅದು ಬೇಕೇಬೇಕು. ಕೊನೆಯ ‘ಎ1’ ತಾನಾಗಿ ಆದ ಗರ್ಭಪಾತವೋ ಮಾಡಿಸಿದ್ದೋ ಎಂಬುದನ್ನು ಆ ಅಕ್ಷರ ಹೇಳುವುದಿಲ್ಲ. ಮದುವೆಗೆ ಮುಂಚಿನದೋ ನಂತರದ್ದೋ ಎಂದೂ ಹೇಳುವುದಿಲ್ಲ. ಸೂತ್ರ ಓದಲು ಬರುವ ನೆಂಟರೊಬ್ಬರು ಹಾಸಿಗೆಯ ತುದಿಗೆ ನೇತುಹಾಕಿದ ಫೈಲನ್ನು ತಿರುವಿಹಾಕಿದರೆ ಆ ಎರಡೂ ಪ್ರಶ್ನೆಗಳನ್ನು ಆ ಗರ್ಭಿಣಿಯೇ ಎದುರಿಸಬೇಕು. ವೈದ್ಯಕೀಯ ಗರ್ಭಪಾತ ಕಾಯ್ದೆಗೆ 2021ರಲ್ಲಿ ಸೇರಿಸಿದ ವಿಧಿಯೊಂದು, ಗರ್ಭಪಾತ ಮಾಡಿಸಿಕೊಂಡವರ ಹೆಸರು ಮತ್ತು ವಿವರವನ್ನು ಕಾನೂನು ಅಧಿಕಾರ ಕೊಟ್ಟವರ ಹೊರತು ಬೇರೆಯವರಿಗೆ ವೈದ್ಯರು ತಿಳಿಸಕೂಡದು ಎನ್ನುತ್ತದೆ. ತಪ್ಪಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ವೈದ್ಯರ ಬಾಯಿಗೆ ಬೀಗ ಬಿತ್ತು, ಫೈಲು ಮಾತ್ರ ತೆರೆದೇ ಇದೆ.

ಇವನ್ನೆಲ್ಲ ಒಳಗೊಳ್ಳುವ ವ್ಯಾಖ್ಯೆ ಬರೆಯುವುದು ಸಾಧ್ಯವೇ ಎಂದರೆ ಸಾಧ್ಯ. ಕೆನಡಾದ ಒಂಟಾರಿಯೊ ಪ್ರಾಂತ 2004ರಲ್ಲಿ ಮಾಡಿದ ಕಾಯ್ದೆಯಲ್ಲಿ ದೇಹ ಮತ್ತು ಮನಸ್ಸಿನ ಸ್ಥಿತಿಯ ಜೊತೆಗೆ ಕುಟುಂಬದ ಆರೋಗ್ಯ ಚರಿತ್ರೆ, ಚಿಕಿತ್ಸೆ ಕೊಟ್ಟವರು ಯಾರು, ಹಣ ಕಟ್ಟಿದ ವಿವರ, ಅಂಗದಾನ, ಆರೋಗ್ಯ ಕಾರ್ಡಿನ ಸಂಖ್ಯೆ ಇವೂ ಸೇರುತ್ತವೆ. ಬರೆದಿಟ್ಟದ್ದಷ್ಟೇ ಅಲ್ಲದೆ ಬಾಯಿಮಾತೂ ಸೇರುತ್ತದೆ. ನಮ್ಮಲ್ಲಿ ಹೊರರೋಗಿ ವಿಭಾಗದ ಹಾಲಿನಲ್ಲಿ ಚೀಟಿ ಹಿಡಿದು ಹೆಸರನ್ನೂ ವಿಭಾಗವನ್ನೂ ಕೂಗಿ ಕರೆಯುವುದು ತೀರಾ ಸಹಜ ಎನಿಸಿರುವಾಗ, ಬಾಯಿಮಾತನ್ನು ಸೇರಿಸಿದ್ದು ದೊಡ್ಡ ವಿವೇಕವೇ. ಇನ್ನು ನಮ್ಮದೇ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ‘ಎಚ್‌ಐವಿ ಸಂಬಂಧಿತ ಮಾಹಿತಿ’ಯನ್ನು ವಿವರಿಸುವ ಬಗೆ ನೋಡಿ. ಸೋಂಕು ಇದೆಯೋ ಇಲ್ಲವೋ ಎಂಬುದು ಅದರ ಒಂದು ಭಾಗ ಮಾತ್ರ. ಪರೀಕ್ಷೆ ಮಾಡಿಸಿಕೊಂಡದ್ದು, ಅದರ ಫಲಿತಾಂಶ, ಆರೈಕೆ, ಚಿಕಿತ್ಸೆ, ವ್ಯಕ್ತಿಯನ್ನು ಗುರುತಿಸಲು ದಾರಿಯಾಗಬಲ್ಲ ಯಾವುದೇ ವಿವರ, ಪರೀಕ್ಷೆ ಅಥವಾ ಚಿಕಿತ್ಸೆಯ ಸಂದರ್ಭದಲ್ಲಿ ಆತನ ಬಗ್ಗೆ ಕಲೆಹಾಕಿದ ಇತರ ಮಾಹಿತಿ ಎಲ್ಲವೂ ಅದರಲ್ಲಿ ಬರುತ್ತವೆ. ಫಲಿತಾಂಶ ನೆಗೆಟಿವ್ ಬಂದವನು ಪರೀಕ್ಷೆಗೆ ಹೋಗಿದ್ದ ಎಂಬ ಸಂಗತಿಯೂ ಗುಟ್ಟೇ. ಕಳಂಕದ ಕಾಟವನ್ನು ಕಣ್ಣಾರೆ ಕಂಡವರು ಬರೆದ ಮಾತುಗಳಿವು ಎಂದು ಓದಿದೊಡನೆ ಅನ್ನಿಸುತ್ತದೆ. ಈ ವ್ಯಾಖ್ಯೆಯಿಂದ ಎಚ್‌ಐವಿ ಎಂಬ ಮೂರಕ್ಷರ ತೆಗೆದು ಎಲ್ಲ ಕಾಯಿಲೆಗೂ ಅನ್ವಯಿಸಿದರೆ ನಮಗೆ ಬೇಕಾದದ್ದು ಹೆಚ್ಚುಕಡಿಮೆ ಸಿಕ್ಕಂತೆ.

ಆದರೆ ದೇಶದ ಕಾನೂನು ಹೋದದ್ದು ಬೇರೆ ದಾರಿಯಲ್ಲಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಅದಾದ ಮೇಲೆ ಬಂದ ಮೊದಲ ಕರಡು ಮಸೂದೆಗಳಲ್ಲಿ ಆರೋಗ್ಯ ಮಾಹಿತಿಗೆ ‘ಸೂಕ್ಷ್ಮ’ ಎಂಬ ವಿಶೇಷ ಸ್ಥಾನವಿತ್ತು. 2011ರ ಮಾಹಿತಿ ತಂತ್ರಜ್ಞಾನ ನಿಯಮಗಳಲ್ಲೂ ಇತ್ತು. 2023ರಲ್ಲಿ ಸಂಸತ್ತು ಒಪ್ಪಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಆ ಸ್ಥಾನ ಇಲ್ಲ. ವ್ಯಕ್ತಿಯನ್ನು ಗುರುತಿಸಬಹುದಾದ ಯಾವುದೇ ದತ್ತಾಂಶ ಅದರ ಪ್ರಕಾರ ವೈಯಕ್ತಿಕ. ಹೆಸರಿಗೇ ಅಂಟಿಕೊಳ್ಳದ ಮಟ್ಟಿಗೆ ಈ ಮಾತು ಸರಿಯಾಗಿಯೇ ಇದೆ. ಆದರೆ ಊಟ ತರಿಸಿಕೊಂಡ ಬಿಲ್ಲೂ ಕೀಮೋಥೆರಪಿಯ ಬಿಲ್ಲೂ ಅದರಲ್ಲಿ ಒಂದೇ ತಕ್ಕಡಿಯಲ್ಲಿವೆ. ಎಲ್ಲ ದತ್ತಾಂಶಕ್ಕೂ ಒಂದೇ ಮಟ್ಟದ ರಕ್ಷಣೆ ಕೊಟ್ಟರೆ ಮೇಲುಕೀಳಿನ ಗೊಂದಲ ಇರುವುದಿಲ್ಲ ಎಂದು ಇದನ್ನು ಸಮರ್ಥಿಸಬಹುದು. ಒಂದೇ ಮಟ್ಟ ಎಂದರೆ ಎತ್ತರದ ಮಟ್ಟವಾಗಿದ್ದರೆ ನಾನೂ ಒಪ್ಪುತ್ತಿದ್ದೆ. ಈಗ ಆಗಿರುವುದು ರೋಗವಾರು ಪಾಲು. ಎಚ್‌ಐವಿಗೆ ಒಂದು ಕಾಯ್ದೆ, ಮಾನಸಿಕ ಕಾಯಿಲೆಗೆ 2017ರ ಇನ್ನೊಂದು, ಗರ್ಭಪಾತಕ್ಕೆ ಮತ್ತೊಂದು. ಮೂರ್ಛೆ ರೋಗ, ಕ್ಷಯ, ಕ್ಯಾನ್ಸರ್ ಇವುಗಳ ಹೆಸರಿನಲ್ಲಿ ಅಂಥ ಕಾಯ್ದೆ ಯಾವುದೂ ಇಲ್ಲ. ಹುಡುಗಿಗೆ ಮೂರ್ಛೆ ಇದೆ ಎಂಬ ಸುದ್ದಿಯಿಂದ ಗಂಡಿನ ಕಡೆಯವರು ಹಿಂದೆ ಸರಿದರೆ ಅದರ ಪೆಟ್ಟು ಕಡಿಮೆಯದೇ?

ಇಷ್ಟು ಅಗಲದ ವ್ಯಾಖ್ಯೆ ಮಾಡಿದರೆ ಆಸ್ಪತ್ರೆ ನಡೆಸುವುದು ಹೇಗೆ ಎಂಬ ಆಕ್ಷೇಪವನ್ನು ವೈದ್ಯರೇ ಎತ್ತುತ್ತಾರೆ. ಪಾಳಿ ಬದಲಾಗುವಾಗ ನರ್ಸುಗಳು ಪರಸ್ಪರ ಹೇಳಿಕೊಳ್ಳಬಾರದೇ, ಲ್ಯಾಬಿನವರಿಗೆ ರಕ್ತ ಯಾರದೆಂದು ತಿಳಿಯಬಾರದೇ, ಸಾಂಕ್ರಾಮಿಕ ಬಂದಾಗ ಸರ್ಕಾರ ಕೈಕಟ್ಟಿ ಕೂರಬೇಕೇ? ಒಂದು ವಿವರವನ್ನು ಖಾಸಗಿ ಎಂದು ಕರೆದ ಮಾತ್ರಕ್ಕೆ ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಂತಲ್ಲ. ಇದು ಯಾರಿಗೆ ಬೇಕು, ಎಷ್ಟು ಬೇಕು ಎಂದು ಕೇಳಿಕೊಳ್ಳುವ ಹೊಣೆ ಬರುತ್ತದೆ, ಅಷ್ಟೇ. 2020ರಲ್ಲಿ ಸಂಪರ್ಕಿತರನ್ನು ಹುಡುಕಿಕೊಂಡು ಹೋಗುತ್ತಿದ್ದ ಆಶಾ ಕಾರ್ಯಕರ್ತೆಗೆ ಮನೆ ನಂಬರು ಬೇಕಿತ್ತು. ಪತ್ರಿಕೆಗೆ ಜಿಲ್ಲಾವಾರು ಸಂಖ್ಯೆ ಸಾಕಿತ್ತು. ಇಬ್ಬರಿಗೂ ಒಂದೇ ಬಗೆಯ ವಿವರ ಹೋದದ್ದರಿಂದ ರೋಗ ಹಿಡಿತಕ್ಕೆ ಬರುವುದಕ್ಕೆ ಏನೂ ಸಹಾಯವಾಗಲಿಲ್ಲ. ಬದಲಿಗೆ, ಊರವರ ಕಣ್ಣಿಗೆ ಬೀಳುವ ಹೆದರಿಕೆಯಿಂದ ಪರೀಕ್ಷೆಯನ್ನೇ ತಪ್ಪಿಸಿಕೊಳ್ಳಲು ಜನರಿಗೆ ಒಂದು ಕಾರಣ ಸಿಕ್ಕಿತು. 2023ರ ಕಾಯ್ದೆಯೂ ತುರ್ತು ಚಿಕಿತ್ಸೆಗೆ, ಸಾಂಕ್ರಾಮಿಕದ ಸಮಯದ ಚಿಕಿತ್ಸೆಗೆ ಒಪ್ಪಿಗೆಯಿಲ್ಲದೆ ದತ್ತಾಂಶ ಬಳಸಲು ಬಿಟ್ಟಿದೆ. ಬಳಕೆಗೂ ಪ್ರಕಟಣೆಗೂ ನಡುವೆ ಇರುವ ಅಂತರವನ್ನು 2020ರಲ್ಲಿ ಸರ್ಕಾರ ಗಮನಿಸಲಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ನಮ್ಮಲ್ಲಿ ಕಾಯಿಲೆ ಒಬ್ಬರದಲ್ಲ, ಮನೆಯವರೆಲ್ಲರದು. ಅಪ್ಪನ ರಿಪೋರ್ಟನ್ನು ಡಾಕ್ಟರು ಮಗನಿಗೆ ಕೊಡುತ್ತಾರೆ, ಅಜ್ಜಿಗೆ ಕ್ಯಾನ್ಸರ್ ಎಂಬುದು ಅಜ್ಜಿಯನ್ನು ಬಿಟ್ಟು ಎಲ್ಲರಿಗೂ ಗೊತ್ತಿರುತ್ತದೆ, ಈ ಖಾಸಗಿತನವೆಲ್ಲ ಹೊರಗಿನಿಂದ ತಂದ ಚಿಂತೆ ಎನ್ನುವವರಿದ್ದಾರೆ. ಮನೆಯವರು ಜೊತೆಗೆ ನಿಲ್ಲುವುದು ದೊಡ್ಡ ಬಲ, ಅದನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಆದರೆ ಇದೇ ಮನೆಗಳು ತೊನ್ನು, ಮೂರ್ಛೆ, ಮಾನಸಿಕ ಕಾಯಿಲೆಗಳನ್ನು ಮದುವೆ ಮಾತುಕತೆ ಮುಗಿಯುವವರೆಗೆ ತಲೆಮಾರುಗಳಿಂದ ಮುಚ್ಚಿಟ್ಟಿವೆ. ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಎಂಬ ಎಚ್ಚರ ನಮ್ಮ ಮನೆಗಳಿಗೆ ಯಾವತ್ತೂ ಇತ್ತು. ರೋಗಿಯ ಒಪ್ಪಿಗೆ ಎಂಬುದಷ್ಟೇ ಹೊಸದು. ಮೇಲಾಗಿ ಮನೆಯೊಳಗೇ ಹಿತಾಸಕ್ತಿಗಳು ಬೇರೆಬೇರೆ ಇರುತ್ತವೆ ಎಂಬುದನ್ನು ಹೆರಿಗೆ ವಾರ್ಡಿನ ಆ ಫೈಲೇ ತೋರಿಸಿಕೊಟ್ಟಿದೆ.

ಇನ್ನೊಬ್ಬರ ಜೀವಕ್ಕೆ ಅಪಾಯವಿದ್ದಾಗಲೂ ಬಾಯಿ ಮುಚ್ಚಿಕೊಂಡಿರಬೇಕೇ ಎಂಬ ಪ್ರಶ್ನೆಗೆ ಉತ್ತರ ಈಗಾಗಲೇ ಇದೆ. ಎಚ್‌ಐವಿ ಇರುವ ವರನ ವಿಷಯ ಬಯಲಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1998ರಲ್ಲಿ, ಖಾಸಗಿತನದ ಹಕ್ಕು ನಿರಪವಾದವಲ್ಲ, ಮದುವೆಯಾಗಬೇಕಿದ್ದ ಹೆಣ್ಣಿಗೂ ಆರೋಗ್ಯದ ಹಕ್ಕಿದೆ ಎಂದಿತು. 2017ರ ಕಾಯ್ದೆ ಅದಕ್ಕೊಂದು ಕ್ರಮ ಹಾಕಿಕೊಟ್ಟಿತು: ಸಂಗಾತಿಗೆ ಸೋಂಕು ತಗಲುವ ಅಪಾಯವಿದೆ, ರೋಗಿ ತಾನಾಗಿ ಹೇಳುತ್ತಿಲ್ಲ ಎಂದು ಖಚಿತವಾದರೆ, ರೋಗಿಗೆ ಮೊದಲೇ ತಿಳಿಸಿ, ಆಪ್ತಸಲಹೆಯೊಂದಿಗೆ ವೈದ್ಯರು ಸಂಗಾತಿಗೆ ಹೇಳಬಹುದು. ಹೇಳುವುದು ಸಂಗಾತಿಗೆ, ಸಂಗಾತಿಯ ಊರಿಗಲ್ಲ. ವ್ಯಾಖ್ಯೆ ಅಗಲವಾಗಿದ್ದರೂ ವಿನಾಯಿತಿ ಬಿಗಿಯಾಗಿರಬಹುದು ಎಂಬುದಕ್ಕೆ ಇದೇ ಮಾದರಿ.

ಜೋಡಣೆಯ ಕೆಲಸ ದಿನದಿಂದ ದಿನಕ್ಕೆ ಅಗ್ಗವಾಗುತ್ತಿದೆ. 2021ರ ಸೆಪ್ಟೆಂಬರ್‌ನಲ್ಲಿ ದೇಶದಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನಡಿ ಸಿಗುವ 14 ಅಂಕಿಯ ಆಭಾ ಸಂಖ್ಯೆ, ಬೇರೆಬೇರೆ ಆಸ್ಪತ್ರೆಗಳಲ್ಲಿ ಚದುರಿದ ದಾಖಲೆಗಳನ್ನು ಒಂದು ದಾರದಲ್ಲಿ ಪೋಣಿಸುತ್ತದೆ. ರೋಗಿಯ ಒಪ್ಪಿಗೆ ಪಡೆದೇ ದಾಖಲೆ ಹಂಚಿಕೊಳ್ಳಬೇಕು ಎಂಬ ವಿನ್ಯಾಸ ಅದರದು. ಹಳೆಯ ರಿಪೋರ್ಟಿನ ಕಟ್ಟು ಹೊತ್ತು ಊರೂರು ಅಲೆಯುವ ರೋಗಿಗೆ ಇದರಿಂದ ಉಪಕಾರವೇ ಸರಿ. ಹಾಗೆ ಪೋಣಿಸಿದ ಮೇಲೆ, ಒಂದೊಂದೇ ಬಿಡಿಯಾಗಿದ್ದಾಗ ನಿರುಪದ್ರವಿಯಾಗಿದ್ದ ಚೀಟಿಗಳಿಗೆ ಒಟ್ಟಾಗಿ ಬೇರೆಯದೇ ಅರ್ಥ ಬರುತ್ತದೆ. ಹತ್ತು ವರ್ಷದ ಹಿಂದಿನ ಒಂದು ಭೇಟಿ, ಕಳೆದ ವರ್ಷದ ಒಂದು ರಕ್ತ ಪರೀಕ್ಷೆ, ಈಗಿನ ಒಂದು ಮಾತ್ರೆ ಸೇರಿದರೆ ವಿಮಾ ಕಂಪನಿಗೆ ಪೂರಾ ಕಥೆ ಸಿಕ್ಕಿತು. ಕುಟುಂಬ ಚರಿತ್ರೆಯ ಕಾಲಮ್ಮಿನಲ್ಲಿ ‘ತಾಯಿಗೆ ಸ್ತನ ಕ್ಯಾನ್ಸರ್’ ಎಂದು ಮಗಳು ಬರೆಸಿದರೆ ಅದು ಮಗಳ ಮಾಹಿತಿಯೋ ತಾಯಿಯದೋ? ಇಬ್ಬರದೂ. ಒಪ್ಪಿಗೆಯ ಗುಂಡಿ ಒತ್ತುವವಳು ಮಗಳೊಬ್ಬಳೇ.

2023ರ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದವು. ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವು ಇದೆ, ಅಂದರೆ 2027ರ ಮೇ. ಅಲ್ಲಿಯವರೆಗೆ 2011ರ ನಿಯಮಗಳೇ ಗತಿ, ಅವು ಕಂಪನಿ, ಖಾಸಗಿ ಸಂಸ್ಥೆಗಳಿಗೆ ಅನ್ವಯಿಸುತ್ತವೆಯೇ ಹೊರತು ಸರ್ಕಾರಿ ಆಸ್ಪತ್ರೆಯ ಕೌಂಟರಿಗಲ್ಲ. ಹೊಸ ಕಾಯ್ದೆಯೂ ಡಿಜಿಟಲ್ ರೂಪದಲ್ಲಿರುವ ಅಥವಾ ಆಮೇಲೆ ಡಿಜಿಟಲ್ ಆದ ದತ್ತಾಂಶಕ್ಕೆ ಸೀಮಿತ. ಕಾಗದದ ಕೇಸ್ ಶೀಟು ಅದರ ಹೊರಗಿದೆ. ಆಸ್ಪತ್ರೆ ಅದನ್ನು ಡಿಜಿಟಲ್ ರೂಪಕ್ಕೆ ತಂದ ಮೇಲಷ್ಟೇ ಒಳಗೆ ಬರುತ್ತದೆ. ರೋಗಿಯ ಗುಟ್ಟನ್ನು ಕಾಪಾಡಬೇಕು ಎನ್ನುವ ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳು ಕಾಗದಕ್ಕೂ ಅನ್ವಯಿಸುತ್ತವೆ. ಆದರೆ ಅವು ಕಟ್ಟಿಹಾಕುವುದು ನೋಂದಾಯಿತ ವೈದ್ಯರನ್ನು ಮಾತ್ರ. ರಿಸೆಪ್ಷನ್, ಬಿಲ್ಲಿಂಗ್, ಲ್ಯಾಬ್, ಮೆಡಿಕಲ್ ಶಾಪ್, ವಿಮೆಯ ಮಧ್ಯವರ್ತಿಗಳು ಯಾರೂ ಆ ಕಟ್ಟಿಗೆ ಒಳಪಟ್ಟವರಲ್ಲ. ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ಸಂವಿಧಾನದ ರಾಜ್ಯ ಪಟ್ಟಿಯಲ್ಲಿವೆ. ಎಚ್‌ಐವಿ ಕಾಯ್ದೆಯ ವ್ಯಾಖ್ಯೆಯನ್ನು ಎಲ್ಲ ಕಾಯಿಲೆಗೂ ಹಿಗ್ಗಿಸಿ, ಅದನ್ನು ಕೌಂಟರಿನ ಸಿಬ್ಬಂದಿಯವರೆಗೂ ಅನ್ವಯಿಸುವ ಆದೇಶವನ್ನು ತನ್ನ ಆಸ್ಪತ್ರೆಗಳ ಮಟ್ಟಿಗಾದರೂ ಹೊರಡಿಸಲು ಬೆಂಗಳೂರಿನ ಆರೋಗ್ಯ ಸೌಧ ದೆಹಲಿಗಾಗಿ ಕಾಯಬೇಕಿಲ್ಲ.